ದೀಪ ಹಚ್ಚಿದ ಮೇಲೆ ಡೇಟಾ ಸಾಲ

ಗುಂಡ್ಲುಪೇಟೆಯ ಹೈಸ್ಕೂಲೊಂದರ ಪಿ.ಟಿ. ಮೇಷ್ಟ್ರು ಸೋಮಶೇಖರ್ ಹುಟ್ಟಿದ್ದು ಹರದನಹಳ್ಳಿಯಲ್ಲಿ, ಬೆಳೆದದ್ದು ಶಿಸ್ತಿನಲ್ಲಿ. ಹಾಗಂತ ಅವರೇ ಹೇಳಿಕೊಳ್ಳುತ್ತಾರೆ, ನಾವೂ ನಂಬಿಕೊಂಡು ಬಂದಿದ್ದೇವೆ.

"ನಮ್ಮ ವಂಶದಲ್ಲಿ ಸಾಲ ಅಂತ ಕೈ ಚಾಚಿದೋರು ಒಬ್ಬರೂ ಇಲ್ಲ. ದುಡ್ಡು ಆಚೆಗಿರ್ಲಿ, ಮೊಸರಿಗೆ ಹೆಪ್ಪು ಬೇಕು ಅಂತಲೂ ಪಕ್ಕದ ಮನೆ ಬಾಗಿಲು ತಟ್ಟಿದೋರಲ್ಲ!" ಎಂದು ಅವರು ಘೋಷಿಸಿದಾಗಲೆಲ್ಲ ಅಡುಗೆಮನೆಯಲ್ಲಿ ಹೆಂಡತಿ ಸುಧಾಮಣಿ ಪಾತ್ರೆಯೊಂದನ್ನು ಸ್ವಲ್ಪ ಜೋರಾಗಿಯೇ ಕೆಳಗಿಡುತ್ತಿದ್ದರು. ಹೆಪ್ಪು ಬೇಕಾದಾಗ ಬಟ್ಟಲು ಹಿಡಿದು ಹೋಗುತ್ತಿದ್ದವರು ಆಕೆ ತಾನೇ.

ಮೇಷ್ಟ್ರ ಶಿಸ್ತು ಫೋನಿಗೂ ಹಬ್ಬಿತ್ತು. ಮನೆಗೊಂದೇ ಡೇಟಾ, ದಿನಕ್ಕೆ ಒಂದೂವರೆ ಜಿ.ಬಿ., ಅದೂ ಅವರ ಫೋನಿನಲ್ಲಿ ಮಾತ್ರ. ಸುಧಾಮಣಿಯವರ ಕೈಯಲ್ಲಿದ್ದದ್ದು ಒತ್ತುವ ಬಟನ್ನಿನ ಫೋನು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬುದು ಮೇಷ್ಟ್ರ ಸಿದ್ಧಾಂತ. ಹಾಸಿಗೆಯ ತುಂಬ ಅವರೊಬ್ಬರೇ ಮಲಗಿದ್ದರು ಅನ್ನುವುದು ಬೇರೆ ಮಾತು.

ಇನ್ನೊಂದು ಸಂಗತಿಯನ್ನು ಈಗಲೇ ಹೇಳಿಬಿಡಬೇಕು. ಎರಡು ತಿಂಗಳ ಹಿಂದೆ ಒಂದು ಶುಕ್ರವಾರ ಸಂಜೆ, ಗೋಡೆಗೆ ಗೋಡೆ ಅಂಟಿಕೊಂಡಿರುವ ಪಕ್ಕದ ಮನೆಯ ಪುಟ್ಟಬಸಮ್ಮ ಹೆಪ್ಪು ಕೇಳಿಕೊಂಡು ಬಂದರು. ಎಪ್ಪತ್ತು ದಾಟಿದ ಹಿರಿಯ ಜೀವ. ಸುಧಾಮಣಿ ಚಮಚ ಎತ್ತಿದ್ದೇ ತಡ, ನಡುಮನೆಯಿಂದ ಪೀಪಿ ಊದಿದ ಸದ್ದು! ಶುಕ್ರವಾರ ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಉಪ್ಪು, ಕಾಸು ಯಾವುದೂ ಹೊಸ್ತಿಲು ದಾಟಬಾರದು, ಲಕ್ಷ್ಮಿ ಹೊರಟುಹೋಗುತ್ತಾಳೆ ಎಂದು ಮೇಷ್ಟ್ರು ಹತ್ತು ನಿಮಿಷ ಪಾಠ ಮಾಡಿದರು. ಪುಟ್ಟಬಸಮ್ಮ ಖಾಲಿ ಬಟ್ಟಲನ್ನು ಸೆರಗಿನೊಳಗೆ ಮುಚ್ಚಿಕೊಂಡು ವಾಪಸು ಹೋದರು. ಅವತ್ತು ಸುಧಾಮಣಿಗೆ ನಾಚಿಕೆಯಿಂದ ಊಟ ಸೇರಲಿಲ್ಲ.

ಈಗ ಕಥೆಗೆ ಬರೋಣ. ಚಾಮರಾಜನಗರದ ಮಹಿಳಾ ಬಳಗವೊಂದು ಜಿಲ್ಲೆಯ ಹೆಂಗಸರಿಗೆ ವಚನ ಗಾಯನ ಸ್ಪರ್ಧೆ ಇಟ್ಟಿತ್ತು. ಸಂಜೆ ಹೊತ್ತು ಬಸ್ಸಿಗೆ ಕಾಯುವ ಕಷ್ಟ ಬಲ್ಲವರು, ಕೊನೆಯ ಸುತ್ತನ್ನು ವಿಡಿಯೋ ಕಾಲ್‌ನಲ್ಲೇ ಮಾಡಿದರು. ಕೊನೆಯ ಸುತ್ತಿಗೆ ಬಂದ ಹನ್ನೆರಡು ಮಂದಿಯಲ್ಲಿ ಸುಧಾಮಣಿಯೂ ಒಬ್ಬರು! ಮದುವೆಗೆ ಮುಂಚೆ ಮಠದ ವೇದಿಕೆಯ ಮೇಲೆ ಹಾಡುತ್ತಿದ್ದ ಹುಡುಗಿ, ಆಮೇಲೆ ಹತ್ತೊಂಬತ್ತು ವರ್ಷ ಹಾಡಿದ್ದು ಮಿಕ್ಸಿಯ ಮುಂದೆ ಮಾತ್ರ. ಮೂರು ತಿಂಗಳಿಂದ ಒಂದೇ ವಚನವನ್ನು ತಿದ್ದಿ ತೀಡಿ ಇಟ್ಟುಕೊಂಡಿದ್ದರು. ಶುಕ್ರವಾರ ಸಂಜೆ ಆರೂಮುಕ್ಕಾಲಿಗೆ ಸ್ಪರ್ಧೆ ಶುರು, ಅವರದು ಐದನೇ ಸರದಿ.

ಆ ಶುಕ್ರವಾರ ಬೆಳಿಗ್ಗೆ ಮೇಷ್ಟ್ರು ಶೂ ಕಟ್ಟುವಾಗ ಸುಧಾಮಣಿ ಕೇಳಿಕೊಂಡದ್ದು ಒಂದೇ ಮಾತು. "ಏನ್ರೀ, ಇವತ್ತೊಂದಿನ ಫೋನ್ ಮುಟ್‌ಬ್ಯಾಡಿ."

"ನಂಗೇ ಹೇಳ್ತಿಯಾ?" ಎಂದು ಮೇಷ್ಟ್ರು ನಕ್ಕರು. ಡೇಟಾದ ಜವಾಬ್ದಾರಿ ತನ್ನದು, ನೀನು ಗಂಟಲು ನೋಡಿಕೋ ಎಂದು ಅಭಯ ಕೊಟ್ಟು ಹೋದರು.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಗೋಧಿ ಉಪ್ಪಿಟ್ಟು ತಿಂದು ಕೂತಾಗ, ಒಂದೇ ಒಂದು ಕಬಡ್ಡಿ ರೈಡ್ ನೋಡೋಣ ಅನ್ನಿಸಿತು. ಮಕ್ಕಳಿಗೆ ಹೇಳಿಕೊಡಲು ಬೇಕಲ್ಲ, ಅದು ಕರ್ತವ್ಯ. ಕಬಡ್ಡಿ ಮುಗಿದ ಮೇಲೆ ಯಾರೋ ಟ್ರ್ಯಾಕ್ಟರನ್ನು ಕೆಸರಿನಿಂದ ಎಳೆಯುತ್ತಿದ್ದರು, ಅದು ಆಚೆ ಬಂತೋ ಇಲ್ಲವೋ ನೋಡದೆ ಬಿಡುವುದು ಹೇಗೆ? ಅದು ಬರುವಷ್ಟರಲ್ಲಿ ಆನೆಯೊಂದು ಲಾರಿಯಿಂದ ಕಬ್ಬು ಕೀಳುತ್ತಿತ್ತು. ಅರ್ಧ ಖರ್ಚಾಗಿದೆ ಎಂದು ಮೆಸೇಜು ಬಂತು. ತೊಂಬತ್ತು ಭಾಗ ಖರ್ಚಾಗಿದೆ ಎಂದು ಇನ್ನೊಂದು ಬಂತು. ಆನೆಗೆ ಅಡ್ಡ ಬಂದವೆಂದು ಮೇಷ್ಟ್ರು ಎರಡನ್ನೂ ಬೆರಳಿನಿಂದ ಪಕ್ಕಕ್ಕೆ ತಳ್ಳಿದರು.

ಸಂಜೆ ಆರೂವರೆ. ದೇವರ ಮುಂದೆ ದೀಪ ಉರಿಯುತ್ತಿತ್ತು. ಸುಧಾಮಣಿ ರೇಷ್ಮೆ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟು, ಚಾಪೆಯ ಮೇಲೆ ಕೂತಿದ್ದರು. ಎದುರಿಗೆ ಅಕ್ಕಿ ಡಬ್ಬ, ಅದಕ್ಕೆ ಒರಗಿಸಿದ ಫೋನು. ಲಿಂಕ್ ಒತ್ತಿದರು. ಚಕ್ರ ತಿರುಗಲು ಶುರುವಾಯಿತು.

"ಏನ್ರೀ, ತಿರುಗ್ತಾನೇ ಅದೆ?"

ಇವತ್ತಿನ ಡೇಟಾ ಪೂರ್ತಿ ಮುಗಿದಿದೆ ಎಂಬ ಮೆಸೇಜನ್ನು ಮೇಷ್ಟ್ರು ಆಗ ಓದಿದರು. ಟವರ್ ಸ್ವಲ್ಪ ವೀಕು, ಒಂದ್ನಿಮಿಷ ಎಂದು ಫೋನು ಕಿತ್ತುಕೊಂಡು ಬೀದಿಗೆ ಹಾರಿದರು. ಫೋನಿನಲ್ಲೇ ರೀಚಾರ್ಜ್ ಮಾಡೋಣವೆಂದರೆ ದುಡ್ಡು ಕಳಿಸಲು ಡೇಟಾ ಬೇಕು. ಡೇಟಾ ತರಲು ದುಡ್ಡು ಕಳಿಸಬೇಕು! ಮೂಲೆಯ ಕನಕರಾಜು ಅಂಗಡಿಗೆ ಓಡಿದರೆ ಬಾಗಿಲಿಗೆ ಬೀಗ, ಅವನು ಬೇಗೂರಿನಲ್ಲಿ ಯಾರದೋ ಬೀಗರೂಟಕ್ಕೆ ಹೋಗಿದ್ದ.

ಉಳಿದದ್ದು ಪುಟ್ಟಬಸಮ್ಮನ ಮನೆ. ಅಲ್ಲಿ ಮೊಮ್ಮಗಳು ಮಧುಶ್ರೀ ಓದಿಗೆಂದು ವೈಫೈ ಹಾಕಿಸಿದ್ದಳು. ಅವಳಿನ್ನೂ ಕಾಲೇಜಿನಿಂದ ಬಂದಿರಲಿಲ್ಲ, ಮುದುಕಿಯೊಬ್ಬರೇ ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದರು.

"ದೊಡ್ಡವ್ವ, ಅರ್ಧ ಗಂಟೆ ಮಟ್ಟಿಗೆ ನಿಮ್ಮ ವೈಫೈ ಪಾಸ್‌ವರ್ಡು..."

ಪುಟ್ಟಬಸಮ್ಮ ತಲೆ ಎತ್ತಲಿಲ್ಲ. "ಇವತ್ತು ಏನ್ ವಾರ ಮೇಷ್ಟ್ರೇ?"

"ಶುಕ್ರವಾರ."

"ದೀಪ ಹಚ್ಚಾಯ್ತು ಅಲ್ವಾ?"

ಡೇಟಾ ಎನ್ನುವುದು ಹಾಲಲ್ಲ, ಉಪ್ಪಲ್ಲ, ಕಣ್ಣಿಗೆ ಕಾಣದ ಗಾಳಿಯಂಥದು, ಶಾಸ್ತ್ರದಲ್ಲಿ ಅದರ ಹೆಸರೇ ಇಲ್ಲ ಎಂದು ಮೇಷ್ಟ್ರು ವಾದಿಸಿದರು.

"ಕಾಸ್ ಕೊಟ್ಟೇ ತರ್ಸೋದು ತಾನೇ? ಕಾಸ್ ಕೊಟ್ಟು ತಂದದ್ದೆಲ್ಲ ಲಕ್ಷ್ಮಿನೇಯ. ಹೊಸ್ತಿಲು ದಾಟಕೂಡದು ಅಂತ ನೀವೇ ಪೀಪಿ ಊದಿ ಯೋಳ್ಕೊಟ್ರಲ್ಲ."

ತಾವೇ ತೋಡಿದ ಗುಂಡಿಯಿಂದ ಮೇಲೆ ಬರುವ ದಾರಿ ಮೇಷ್ಟ್ರಿಗೆ ಕಾಣಲಿಲ್ಲ. ಗಂಟೆ ಏಳಾಗಿತ್ತು. ಅಷ್ಟರಲ್ಲಿ ಫೋನೇ ಕರುಣೆಯಿಂದ ಕುಯ್ ಎಂದಿತು. 'ಡೇಟಾ ಮುಗಿಯಿತೇ? ಚಿಂತೆ ಬೇಡ. ಈಗಲೇ ಡೇಟಾ ಸಾಲ ಪಡೆಯಿರಿ. ಒಪ್ಪಿಗೆಯಿದ್ದರೆ 1 ಎಂದು ಕಳಿಸಿ.'

ಸಾಲ! ಹರದನಹಳ್ಳಿಯ ಏಳು ತಲೆಮಾರು ಕಣ್ಣ ಮುಂದೆ ಸಾಲಾಗಿ ನಿಂತು ಮೀಸೆ ತಿರುವಿದ ಹಾಗಾಯಿತು. ಇತ್ತ ನಡುಮನೆಯಲ್ಲಿ ಸುಧಾಮಣಿ ಸಣ್ಣ ದನಿಯಲ್ಲಿ ಶ್ರುತಿ ಹಿಡಿಯುತ್ತಿದ್ದದ್ದು ಕಿಟಕಿಯಿಂದ ಕೇಳಿಸುತ್ತಿತ್ತು. ಮೇಷ್ಟ್ರು ತಮ್ಮ ಹಿತ್ತಲಿನ ಬಿಲ್ವದ ಗಿಡದ ಮರೆಗೆ ಹೋಗಿ, ಕಣ್ಣು ಮುಚ್ಚಿ, 1 ಒತ್ತಿಯೇಬಿಟ್ಟರು. ಒತ್ತಿದವರು ಸುಮ್ಮನಿರಬಾರದೆ? ಫೋನನ್ನು ಎರಡು ಕೈಯಲ್ಲಿ ಎದೆಯೆತ್ತರಕ್ಕೆ ಹಿಡಿದು, ಗಿಡದ ಕಡೆ ಮುಖ ಮಾಡಿ ಬಾಯಿಬಿಟ್ಟೇ ಹೇಳಿಕೊಂಡರು.

"ಶಿವನೇ, ಸಾಲ ಮಾಡ್ಬುಟ್ಟೆ. ಡೇಟಾ ಖಾಲಿ ಮಾಡ್ದೋನು ನಾನೇ ಕಣಪ್ಪ. ಆನೆ ನೋಡ್ದೆ, ಟ್ರ್ಯಾಕ್ಟರ್ ನೋಡ್ದೆ, ಹೆಂಡ್ತಿ ಮುಖ ನೋಡ್ನಿಲ್ಲ. ಟವರ್ ವೀಕು ಅಂತ ಸುಳ್ ಬೇರೆ ಯೋಳ್ದೆ. ಹತ್ತೊಂಬತ್ತು ವರ್ಷ ಆದ್ಮೇಲೆ ಹಾಡಕ್ಕೆ ಕೂತವ್ಳೆ. ನನ್ ಮಾನ ಹೋದ್ರೆ ಹೋಗ್ಲಿ, ಅವಳ ಹಾಡು ಒಂದು ಉಳಿಸ್ಕೊಡು."

"ಸ್ವಾಮಿ, ತಾವು ಎಷ್ಟನೇ ಸ್ಪರ್ಧಿ?" ಎಂದಿತು ಒಂದು ಹೆಣ್ಣು ದನಿ.

ಮೇಷ್ಟ್ರು ಕಣ್ಣು ಬಿಟ್ಟರು. ಸಾಲ ಬಂದ ಗಳಿಗೆಯಲ್ಲೇ ಚಕ್ರ ನಿಂತು ವಿಡಿಯೋ ಕಾಲ್ ತಾನಾಗಿಯೇ ಸೇರಿಕೊಂಡಿತ್ತು. ಹನ್ನೊಂದು ಮಂದಿ ಸ್ಪರ್ಧಿಗಳು, ಮೂವರು ತೀರ್ಪುಗಾರರು, ಅವರವರ ಮನೆಯವರು, ಎಲ್ಲರೂ ಪುಟ್ಟ ಪುಟ್ಟ ಚೌಕಗಳಿಂದ ಇವರನ್ನೇ ನೋಡುತ್ತಿದ್ದರು. ಒಬ್ಬಾಕೆಯಂತೂ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ತಿರುಗಿ ನೋಡಿದರೆ ಹಿತ್ತಲ ಬಾಗಿಲಲ್ಲಿ ಸುಧಾಮಣಿ. ಎಲ್ಲವೂ ಕೇಳಿಸಿತ್ತು.

ಆಕೆ ಕೈ ನೀಡಿದರು. ಮೇಷ್ಟ್ರು ಫೋನು ಕೊಟ್ಟರು. ಅಷ್ಟರಲ್ಲಿ ಮಧ್ಯಾಹ್ನದಿಂದ ಬಾಕಿ ನಿಂತಿದ್ದ ಕಬಡ್ಡಿ ಗ್ರೂಪಿನ ವಿಡಿಯೋಗಳೆಲ್ಲ ಹಸಿದ ದನಗಳಂತೆ ಒಳನುಗ್ಗಿ, ಸಾಲದ ಡೇಟಾವನ್ನೆಲ್ಲ ಮೇದು ಮುಗಿಸಿದವು. ಪರದೆ ಹಾಗೇ ನಿಂತುಬಿಟ್ಟಿತು. ಬಾಯಿ ತೆರೆದ ಮೇಷ್ಟ್ರ ಮುಖವೇ ಅದರ ತುಂಬ.

ಸುಧಾಮಣಿಯ ಕಣ್ಣಲ್ಲಿ ನೀರು ತುಂಬಿತು. ಬೈದಿದ್ದರೆ ಚೆನ್ನಾಗಿತ್ತು ಎಂದುಕೊಂಡರು ಮೇಷ್ಟ್ರು.

ಆಗ ಗೋಡೆಯಾಚೆಯಿಂದ ಪುಟ್ಟಬಸಮ್ಮನ ದನಿ ಬಂತು. "ಸುಧಾ, ಫೋನ್ ಎತ್ಕೊಂಡು ನಮ್ಮನೆಗೆ ಬಾ ಕಣವ್ವ. ಆಚ್ಗೆ ಕೊಡಕಿಲ್ಲ ಅಂದೆ, ಒಳಕ್ಕೆ ಬರಬ್ಯಾಡ ಅಂದ್ನಾ? ಮಧು ಬಂದವ್ಳೆ, ಅದೇನ್ ಒತ್ಬೇಕೋ ಒತ್ತಾಳೆ. ದೀಪ ಹಚ್ಚೋ ಹೊತ್ನಲ್ಲಿ ಹೆಣ್ಮಗಳು ಮನೆಗೆ ಬಂದ್ರೆ ಒಳ್ಳೇದೇಯ."

ಸುಧಾಮಣಿ ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿದರು. ಹಿಂದೆಯೇ ಓಡಿದ ಮೇಷ್ಟ್ರನ್ನು ಪುಟ್ಟಬಸಮ್ಮ ಹೊಸ್ತಿಲಲ್ಲೇ ತಡೆದು ಜಗಲಿ ತೋರಿಸಿದರು. ಇವರು ಬೀದಿ ನಾಯಿಯೊಂದರ ಪಕ್ಕ ಮುದುರಿ ಕೂತರು. ಒಳಗಿನಿಂದ ಹಾಡು ಬಂತು. ಮಿಕ್ಸಿಯ ಸದ್ದಿಲ್ಲದೆ ಹೆಂಡತಿಯ ದನಿ ಪೂರ್ತಿಯಾಗಿ ಕೇಳಿದ್ದು ಮೇಷ್ಟ್ರಿಗೆ ಅದೇ ಮೊದಲು. ಇಷ್ಟು ವರ್ಷ ಎಂಥ ದನಿಯನ್ನು ಮನೆಯಲ್ಲಿಟ್ಟುಕೊಂಡು ಆನೆ ನೋಡುತ್ತಾ ಕೂತೆನಲ್ಲ ಎಂದುಕೊಂಡರು.

ಸುಧಾಮಣಿಗೆ ಎರಡನೇ ಬಹುಮಾನ ಬಂತು. ಹಿತ್ತಲಲ್ಲಿ ನಿಂತು ನಿವೇದಿಸಿಕೊಂಡ ಆ ಅನಾಮಿಕ ಭಕ್ತರ ಭಾವ ಚೆನ್ನಾಗಿತ್ತು, ಆದರೆ ಸ್ಪರ್ಧೆ ಮಹಿಳೆಯರಿಗೆ ಮಾತ್ರ ಎಂದು ತೀರ್ಪುಗಾರರು ವಿಷಾದಿಸಿದರು.

ಈ ಸಂಭ್ರಮದಲ್ಲಿ ಮೊಸರಿಗೆ ಹೆಪ್ಪು ಎತ್ತಿಡುವುದು ಸುಧಾಮಣಿಗೆ ಮರೆತೇ ಹೋಗಿತ್ತು. ಬೆಳಿಗ್ಗೆ ಅವರು ಗಂಡನ ಕೈಗೆ ಬಟ್ಟಲು ಕೊಟ್ಟು, ಪಕ್ಕದ ಮನೆಯ ಕಡೆ ಕಣ್ಣು ತೋರಿಸಿದರು. ಏಳು ತಲೆಮಾರಿನಲ್ಲಿ ಮೊದಲ ಬಾರಿಗೆ ಹರದನಹಳ್ಳಿ ವಂಶದ ಗಂಡಸೊಬ್ಬ ಹೆಪ್ಪಿಗಾಗಿ ಪಕ್ಕದ ಮನೆಯ ಬಾಗಿಲು ತಟ್ಟಿದ.

ಪುಟ್ಟಬಸಮ್ಮ ಬಟ್ಟಲು ಈಸಿಕೊಳ್ಳುವ ಹೊತ್ತಿಗೆ ಸರಿಯಾಗಿ ಮೇಷ್ಟ್ರ ಜೇಬಿನಲ್ಲಿ ಫೋನು ಕುಯ್ ಎಂದಿತು. ಅದೇನಂತೆ ಓದಿ ಎಂದರು ಆಕೆ. ಮೇಷ್ಟ್ರು ತಲೆ ತಗ್ಗಿಸಿ ಓದಿದರು. "ಪ್ರಿಯ ಗ್ರಾಹಕರೇ, ನಮ್ಮಲ್ಲಿ ಸಾಲ ಪಡೆದಿದ್ದಕ್ಕೆ ವಂದನೆಗಳು. ಸಕಾಲದಲ್ಲಿ ತೀರಿಸಿದರೆ ಮುಂದಿನ ಸಲ ಎರಡರಷ್ಟು ಸಾಲಕ್ಕೆ ನೀವು ಅರ್ಹರು."

"ನಂದೂ ಅದೇ ಲೆಕ್ಕ ಕಣ್ ಮೇಷ್ಟ್ರೇ," ಎಂದು ಪುಟ್ಟಬಸಮ್ಮ ಅಳೆದು ಒಂದೇ ಒಂದು ಚಮಚ ಹೆಪ್ಪನ್ನು ಬಟ್ಟಲಿಗೆ ಹಾಕಿದರು. "ಇದ ಸರ್‍ಯಾಗಿ ತೀರಿಸಿ, ಮುಂದಿನ ಸಲ ಎರಡು ಚಮಚ ಕೊಡ್ತೀನಿ."