ಕುಂಕುಮ ಹಚ್ಚಿಸಿಕೊಂಡ ಬ್ಯಾಂಜೋ

ಹಳೇ ಬ್ಯಾಂಜೋ ಕೂಡಿಡೋ ಗಂಡ ಮನೇಲಿದ್ರೆ ನಗೋಕೆ ಟೀವಿ ಬೇಕಾಗಲ್ಲ. ತಮಟೆಗೆ ಉದ್ದ ಕತ್ತು ಸಿಕ್ಕಿಸಿ ತಂತಿ ಬಿಗಿದ ಹಾಗಿರೋ ವಾದ್ಯ ಅದು. ನಮ್ಮ ಯಜಮಾನ್ರು ಅಮೆರಿಕದ ಎವರೆಟ್‌ನಲ್ಲಿ ವಿಮಾನದ ಇಂಜಿನಿಯರ್. ಅಂಗಡಿ ಮಾಲು ಅವರಿಗಾಗಲ್ಲ. ಯಾರೋ ಯಾವ ಕಾಲದಲ್ಲೋ ಹೇಳಿ ಮಾಡಿಸಿದ್ದೇ ಆಗಬೇಕು, ಕತ್ತಿನ ಮೇಲೆ ಮುತ್ತಿನ ಚಿಪ್ಪಿನ ಬಳ್ಳಿ ಹರಿದಿರಬೇಕು.

೧. ಒಂದು ನುಡಿಸಿ

ಹತ್ತಿರದ ಬೆಲ್ವ್ಯೂ ಊರಿಂದ ಊಟಕ್ಕೆ ಬಂದ ಸ್ನೇಹಿತರು ಗೋಡೆ ತುಂಬ ನೇತಾಡ್ತಿದ್ದ ಬ್ಯಾಂಜೋ ನೋಡಿ, "ಸಾರ್, ಒಂದು ನುಡಿಸಿ" ಅಂದರು.

"ನುಡಿಸೋಕೆ ಬರಲ್ಲ. ಸುಮ್ನೆ ನೋಡ್ತೀನಿ, ಒರೆಸ್ತೀನಿ" ಅಂದರು ಇವರು, ಒಂಚೂರೂ ಸಂಕೋಚ ಇಲ್ಲದೆ.

ನನ್ನನ್ನ ನೋಡೋಕೆ ಬಂದಾಗ "ಒಂದು ಹಾಡು ಹೇಳಲೇಬೇಕು" ಅಂತ ಪಟ್ಟು ಹಿಡಿದು ಕೂತಿದ್ದು ಇದೇ ಮಹಾನುಭಾವರು!

೨. ಅಜ್ಜಿಯ ವಿಚಾರಣೆ

ಎವರೆಟ್‌ನಲ್ಲೊಬ್ಬರು ಅಮೆರಿಕನ್ ಅಜ್ಜಿ ಹತ್ತಿರ ಜೋಡಿ ಬ್ಯಾಂಜೋ ಇತ್ತು. ಅವರಪ್ಪ ಮದುವೆ ಹೊತ್ತಿಗೆ ತನಗೊಂದು, ಹೆಂಡತಿಗೊಂದು ಅಂತ ಮಾಡಿಸಿದ್ದು. ಅಜ್ಜಿ ವೃದ್ಧಾಶ್ರಮಕ್ಕೆ ಹೊರಟಿದ್ದರು, ಅಲ್ಲಿ ಒಂದೇ ರೂಮು. "ಮೊದಲು ಅಪ್ಪಂದು ಕೊಡ್ತೀನಿ. ಹೇಗೆ ಇಟ್ಕೊಂಡಿದ್ದೀರಿ ಅಂತ ಮನೆಗೆ ಬಂದು ನೋಡ್ತೀನಿ. ಮನಸ್ಸಿಗೆ ಬಂದ್ರೆ ಅಮ್ಮಂದೂ ನಿಮಗೇ. ಇಲ್ದಿದ್ರೆ ಇದನ್ನೂ ವಾಪಸ್ ತಗೊಂಡು ಹೋಗ್ತೀನಿ" ಅಂದರು. ಸಿಗರೇಟು ಸೇದ್ತೀರಾ, ಮನೇಲಿ ತೇವ ಇದೆಯಾ, ಕೋಪ ಜಾಸ್ತಿನಾ, ಎಲ್ಲ ಕೇಳಿದರು.

ನಮ್ಮಪ್ಪ ಇದರಲ್ಲಿ ಅರ್ಧ ವಿಚಾರಿಸಿದ್ದಿದ್ರೆ ನಾನು ಇವತ್ತು ಎಲ್ಲಿರ್ತಿದ್ನೋ!

೩. ಬೋಳು ಹಣೆ

ಅಜ್ಜಿ ಬರ್ತೀನಿ ಅಂದ ದಿನವೇ ಆಯುಧಪೂಜೆ. ಊರಿಂದ ಬಂದಿದ್ದ ನಮ್ಮತ್ತೆ ಕಾರು, ಮಿಕ್ಸಿ, ಲ್ಯಾಪ್‌ಟಾಪ್ ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿದರು. ಹಾಗೇ ಅಜ್ಜಿ ಕೊಟ್ಟಿದ್ದ ಬ್ಯಾಂಜೋದ ಬಿಳೀ ಚರ್ಮಕ್ಕೂ ಕಲಸಿದ ಕುಂಕುಮ ದುಂಡಗೆ ಇಟ್ಟರು. ಚರ್ಮ ಅದನ್ನ ಕುಡಿದೇಬಿಡ್ತು. ಇವರು ಆಫೀಸಿಂದ ಬಂದು ಒರೆಸಿದರೆ ಎಲ್ಲಿ ಹೋಗುತ್ತೆ?

"ಅಮ್ಮಾ, ಏನ್ಮಾಡಿಬಿಟ್ಟೆ!"

"ಹಬ್ಬದ ದಿನ ವಾದ್ಯ ಬೋಳು ಹಣೇಲಿ ಇರಬಾರದು ಕಣೋ."

ಅಷ್ಟರಲ್ಲಿ ಬಾಗಿಲ ಬೆಲ್ ಆಯಿತು. ಅಜ್ಜಿ ಚಕ್ರದ ವಾಕರ್ ತಳ್ಳಿಕೊಂಡು ಒಳಗೆ ಬಂದು ಸೀದಾ ಆ ಕೆಂಪು ಬೊಟ್ಟಿನ ಮುಂದೆ ನಿಂತರು. ಇವರು ಒರೆಸೋ ಬಟ್ಟೇನ ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು, ಪಾಪ. ನಾನೇ ಹೇಳಿದೆ: "ನಮಗೆ ದಿನಾ ನೆರವಾಗೋ ವಸ್ತುಗಳಿಗೆ ಇವತ್ತು ಕೈಮುಗೀತೀವಿ. ಇದು ಅದರ ಗುರುತು."

ಅಜ್ಜಿ ಬೊಟ್ಟಿನ ಮೇಲೆ ಬೆರಳಾಡಿಸಿದರು. ಕಣ್ಣು ತುಂಬಿತ್ತು. "ಅಪ್ಪ ಹೋದಮೇಲೆ ಇದನ್ನ ಇಷ್ಟು ಪ್ರೀತಿಯಿಂದ ಯಾರೂ ಮುಟ್ಟಿರಲಿಲ್ಲ. ಅಮ್ಮಂದು ಕಾರಲ್ಲಿದೆ, ತಗೊಂಡು ಬನ್ನಿ. ಅದಕ್ಕೂ ಇಡಿ" ಅಂದರು. ಇವರು ಜಿನುಗುಮಳೇಲಿ ಬರಿಗಾಲಲ್ಲೇ ಓಡಿದರು. ನನಗೂ ಅಳು ಬಂತು.

ಜೋಡಿಗೆ ಆರತಿ ಆಯಿತು. ಆಗ ಅಜ್ಜಿ ವಾಕರನ್ನ ಮೆಲ್ಲಗೆ ಅತ್ತೆ ಮುಂದೆ ತಳ್ಳಿದರು. "ನನಗೆ ದಿನಾ ನೆರವಾಗೋದು ಇದು. ಇದಕ್ಕಿಲ್ವಾ?"

ಅತ್ತೆಗೆ ಹೇಳಬೇಕಾ! ಹಿಡಿಗೆ ಹೂವು ಸುತ್ತಿ, ಬೊಟ್ಟಿಟ್ಟು, ಎರಡು ಚಕ್ರದ ಮುಂದೂ ನಿಂಬೆಹಣ್ಣಿಟ್ಟು, "ಹತ್ತಿಸಿ" ಅಂತ ಕೈಸನ್ನೆ ಮಾಡಿದರು. ಅಜ್ಜಿ ತಳ್ಳಿದರು. ವಾಕರ್ ಭಾರಕ್ಕೆ ನಿಂಬೆಹಣ್ಣು ಜಗ್ಗುತ್ತಾ? ಪುಳಕ್ ಅಂತ ಸೋಫಾ ಕೆಳಗೆ ಹೋಯಿತು.

ಅತ್ತೆ ನನ್ನ ಕಡೆ ತಿರುಗಿ ಗಂಭೀರವಾಗಿ ಅಂದರು: "ರಿವರ್ಸ್ ತಗೊಂಡು ಸ್ವಲ್ಪ ಸ್ಪೀಡಾಗಿ ಬರೋಕೆ ಹೇಳಮ್ಮ."