ಬಾಗುತೆನಿ ಜೋಳವೂ ಮೇಡಂ ಕೇಳಿದ ಪುರಾವೆಯೂ

ಸಂಶೋಧನೆ ಅಂದರೆ ಬಿಳಿ ಕೋಟು ಹಾಕಿಕೊಂಡು ಗಾಜಿನ ನಳಿಕೆ ಅಲ್ಲಾಡಿಸುವುದು ಅಂತ ನಮ್ಮ ಬೆಂಗೇರಿ ಓಣಿಯವರು ತಿಳಿದಿದ್ದಾರೆ. ಜೋಳದ ಸಂಶೋಧನೆಯಲ್ಲಿ ಕೋಟು ಇರುವುದಿಲ್ಲ, ಎರೆಮಣ್ಣು ಇರುತ್ತದೆ. ಎರೆಮಣ್ಣು ಬೂಟಿಗೆ ಮೆತ್ತಿಕೊಂಡ ಕಡೆ ಒಂದಿಲ್ಲೊಂದು ಫಜೀತಿ ಆಗಿಯೇ ತೀರುತ್ತದೆ. ಧಾರವಾಡದ ಆಚೆಗಿನ ಒಂದು ಸಂಶೋಧನಾ ಕೇಂದ್ರದಲ್ಲಿ ಕ್ಷೇತ್ರ ಸಹಾಯಕನಾಗಿ ನನ್ನ ತಲೆಗೂದಲು ಬೆಳ್ಳಗಾದದ್ದು ಬಿಸಿಲಿನಿಂದಲ್ಲ, ಇಂಥ ಫಜೀತಿಗಳಿಂದ. ಸಂಜೆ ಹುಬ್ಬಳ್ಳಿ ಬಸ್ಸಿನಲ್ಲಿ ಇವನ್ನು ಹೇಳುತ್ತ ಬರುತ್ತೇನೆ. ಮನೆ ಮುಟ್ಟುವಷ್ಟರಲ್ಲಿ ಕತೆ ತುಸು ದಪ್ಪ ಆಗಿರುತ್ತದೆ. ಕಾಳೆಷ್ಟು, ಹೊಟ್ಟೆಷ್ಟು, ನೀವೇ ತೂರಿಕೊಳ್ಳಿ.

ಮೊದಲು ನಮ್ಮ ಮೇಡಂ ಬಗ್ಗೆ ಹೇಳಬೇಕು. ಅವರು ಜೋಳದ ವಿಜ್ಞಾನಿ. ಪುರಾವೆ ಇಲ್ಲದೆ ‘ಇವತ್ತು ಸೋಮವಾರ’ ಅಂದರೂ ಒಪ್ಪುವವರಲ್ಲ. ಹಿಂಗಾರಿ ಮಳೆ ಈಗೀಗ ತನಗೆ ತಿಳಿದಂತೆ ಬರುತ್ತದೆ, ತಿಳಿದಂತೆ ಹೋಗುತ್ತದೆ. ಅಂಥ ವರ್ಷಗಳಲ್ಲೂ ಸಣ್ಣ ರೈತರ ಕೈಬಿಡದ ಹಳೆಯ ಜೋಳದ ತಳಿಗಳನ್ನು ಅವರು ಊರೂರು ತಿರುಗಿ ಕೂಡಿಸಿದ್ದರು. ಅದರಲ್ಲಿ ಒಂದು ಬಾಗುತೆನಿ. ಹೊಸ ಸೊಸೆಯ ಹಾಗೆ ತೆನೆ ಕತ್ತು ಬಗ್ಗಿಸಿ ನೆಲ ನೋಡುತ್ತದೆ. ಹಕ್ಕಿಗೆ ಕೂತು ತಿನ್ನಲು ಸಲೀಸಲ್ಲ. ಒಂದು ಹದಮಳೆಯ ಹಸಿ ಸಿಕ್ಕರೆ ಅದರಲ್ಲೇ ಬೆಳೆದು ನಿಲ್ಲುತ್ತದೆ. ಇಷ್ಟು ಗುಣವಂತೆಯಾದರೂ ಕೇಳುವವರಿಲ್ಲದೆ ಮೂಲೆ ಸೇರಿತ್ತು.

ಮೇಲಿನವರು ಒಂದು ಕರಾರು ಹಾಕಿದ್ದರು. ನಾವು ಬಿಟ್ಟಿ ಬೀಜ, ಬಿಟ್ಟಿ ಗೊಬ್ಬರ ಕೊಡದೆ, ತಾನಾಗಿಯೇ ಈ ಜೋಳ ಬಿತ್ತುತ್ತೇನೆ ಅನ್ನುವ ಒಬ್ಬನಾದರೂ ರೈತ ಸಿಗಬೇಕು. ಸಿಗದಿದ್ದರೆ ಯೋಜನೆ ಬಂದ್, ಬಾಗುತೆನಿ ಮತ್ತೆ ಡಬ್ಬಿಯೊಳಗೆ. ಮೇಡಂ ಈ ಜೋಳಕ್ಕಾಗಿ ಬಡ್ತಿಯ ಜತೆ ಬಂದ ವರ್ಗಾವಣೆಯನ್ನೂ ಬೇಡ ಅಂದವರು. ಹಾಗಾಗಿ ಆ ವರ್ಷ ನಾವೆಲ್ಲ ಉಗುರು ಕಚ್ಚಿಕೊಂಡೇ ಓಡಾಡಿದೆವು. ಅದರ ನಡುವೆ ನಡೆದ ಮಾತುಗಳು ಇವು.

ಕನ್ಯಾ ಕೊಟ್ಟ ಅಜ್ಜಿ

ಬಾಗುತೆನಿ ಸಿಕ್ಕಿದ್ದು ನವಲಗುಂದದ ಕಡೆ ಒಬ್ಬ ಅಜ್ಜಿಯ ಮನೆಯಲ್ಲಿ, ಬೂದಿ ಬೆರೆಸಿಟ್ಟ ಗಡಿಗೆಯೊಳಗೆ. ಮೊದಲ ಸಲ ಹೋದಾಗ, “ಇವತ್ತ ಶುಕ್ರವಾರ, ಮನ್ಯಾನ ಲಕ್ಷ್ಮೀನ ಹೊರಗ ಕಳಸೂದಿಲ್ಲ” ಅಂದಳು. ಎರಡನೆಯ ಸಲ ಹೋದಾಗ ದೀಪ ಹಚ್ಚಿಬಿಟ್ಟಿದ್ದಳು. ಆಮೇಲೆ ಬೀಜ ಕೊಡುವ ಮಾತೇ ಇಲ್ಲ. ಮೂರನೆಯ ಸಲ ನಾನೇ ಮುಂದೆ ಹೋಗಿ, “ಯಮ್ಮಾ, ನಾವು ಕನ್ಯಾ ಕೇಳಾಕ ಬಂದೀವಿ ಅಂತ ತಿಳ್ಕೋರಿ” ಅಂದೆ. ಚೇಷ್ಟೆಗೆ ಅಂದದ್ದು. ಅಜ್ಜಿ ಚೇಷ್ಟೆ ಅಂತ ತಿಳಿಯಲಿಲ್ಲ.

“ಹಂಗಾದ್ರ ಕುಂದರ್ರಿ. ನಿಮ್ಮ ಹೊಲಾ ಕರೀ ಎರಿ ಏನು? ನೀರು ಹೊಯ್ದು ಹೊಯ್ದು ಕೊಳಸೂ ಮಂದಿ ಅಲ್ಲ ಹೌದಲ್ಲೋ?”

ಮೇಡಂ ನೌಕರಿಯ ಸಂದರ್ಶನಕ್ಕೂ ಅಷ್ಟು ಬೆವೆತಿರಲಿಕ್ಕಿಲ್ಲ. ಕೊನೆಗೆ ಅಜ್ಜಿ ಕುಬಸದ ಕಣ, ಕಾಯಿ ಇಟ್ಟು ಮೇಡಂ ಉಡಿ ತುಂಬಿ ಬೀಜ ಕೊಟ್ಟಳು.

ಮುಂದಿನ ತಿಂಗಳು ಹೋಳಿಗೆ ಕಟ್ಟಿಕೊಂಡು ಬಸ್ಸಿಳಿದಳು, ಮಗಳನ್ನು ನೋಡಲು. ಬೀಜ ಕಾಪಿಡುವ ಶೀತಲ ಕೋಣೆಗೆ ಕರೆದುಕೊಂಡು ಹೋದೆ. ಒಳಗೆ ಕಾಲಿಟ್ಟವಳೇ ನಡುಗಿದಳು. “ಇಂಥಾ ಥಂಡ್ಯಾಗ ಇಟ್ಟೀರಲ್ಲೋ, ನಿಮ್ಮ ಮನಿ ಹಾಳಾಗ್ಲಿ!” ಅಂತ ಅಲ್ಲಿಂದಲೇ ವಾಪಸ್ಸಾದಳು. ವಾರದೊಳಗೆ ಒಂದು ಪುಟ್ಟ ಕೌದಿ ಹೊಲಿದು ಕಳಿಸಿದಳು. ಮೇಡಂ ಬೇಡ ಅನ್ನುವಷ್ಟರಲ್ಲಿ ನಾನು ಡಬ್ಬಿಗೆ ಹೊದಿಸಿಬಿಟ್ಟಿದ್ದೆ.

ತಪಾಸಣೆಗೆ ಬಂದ ಸಾಹೇಬರು ಕೌದಿ ನೋಡಿ, “ಇದೇನ್ರಿ ಇದು?” ಅಂದರು.

“ಉಷ್ಣಾಂಶ ನಿಯಂತ್ರಣದ ದೇಸಿ ಹೊದಿಕೆ, ಸರ್” ಅಂದೆ ನಾನು.

ಸಾಹೇಬರು ಕೌದಿಯನ್ನು ಮುಟ್ಟಿ ನೋಡಿದರು, ಹಿಂದೆ ಮುಂದೆ ನೋಡಿದರು, ಆಮೇಲೆ ಗದರಿದರು: “ಮತ್ತ ಉಳಿದ ಡಬ್ಬಿಗೆ ಯಾಕ ಹೊಚ್ಚಿಲ್ಲ?”

ಮಳೆಯ ಮಾನ

ಬೀಜ ಬಂತು, ಹೊಲ ಬೇಕಲ್ಲ? ಎರಡು ಊರುಗಳಲ್ಲಿ ಒಬ್ಬೊಬ್ಬ ರೈತರನ್ನು ಒಪ್ಪಿಸಿ ಅರ್ಧರ್ಧ ಎಕರೆಯಲ್ಲಿ ಬಾಗುತೆನಿ ಬಿತ್ತಿಸಿದೆವು. ಹೊಲಕ್ಕೊಂದು ಮಳೆ ಅಳೆಯುವ ಡಬ್ಬಿ ನಿಲ್ಲಿಸಿದೆವು. ಮೊದಲನೆಯ ಊರಿನ ಹೊಲದ ಯಜಮಾನರು ದೊಡ್ಡ ರುಮಾಲಿನ, ಅದಕ್ಕಿಂತ ದೊಡ್ಡ ಮನಸ್ಸಿನ ಮನುಷ್ಯ. ಎರಡನೆಯದು ಪಕ್ಕದೂರು. ಅದಕ್ಕೂ ಅವರ ಊರಿಗೂ ಕುಸ್ತಿ, ಭಜನೆ, ಎತ್ತು ಓಡಿಸುವುದು, ಎಲ್ಲದರಲ್ಲೂ ಪೈಪೋಟಿ.

ಒಂದು ದಿನ ಮಳೆಯ ಅಂಕಿ ಹೇಳುವಾಗ ನಾನು ಸುಮ್ಮನಿರಲಾರದೆ, “ಏನ್ರಿ ಯಜಮಾನ್ರ, ಮಳಿಯೊಳಗೂ ಅವರ ಮುಂದ ಬಿದ್ರಲ್ಲ” ಅಂದೆ. ಅವರ ಮುಖ ಸಣ್ಣದಾಯಿತು.

ಆಮೇಲೆ ನೋಡಿ, ಇವರ ಹೊಲದಲ್ಲಿ ಬಿಸಿಲಿನಲ್ಲೂ ಮಳೆ! ಎರಡು ದಿನಕ್ಕೆ ಪಕ್ಕದೂರಿನಲ್ಲಿ ಇನ್ನಷ್ಟು ಮಳೆ. ಆಕಾಶದಲ್ಲಿ ಹತ್ತಿಯಷ್ಟೂ ಮೋಡ ಇಲ್ಲ. ಮೇಡಂ ಹವಾಮಾನದವರಿಗೆ ಫೋನ್ ಹಚ್ಚಿ ಹಚ್ಚಿ ಗಂಟಲು ಒಣಗಿಸಿಕೊಂಡರು. ಕೊನೆಗೆ ಒಂದು ಮುಂಜಾನೆ ನಾವಿಬ್ಬರೂ ಹೇಳದೆ ಹೊಲಕ್ಕೆ ಹೋದರೆ, ಯಜಮಾನರು ಡಬ್ಬಿಯ ಮುಂದೆ ತಂಬಿಗೆ ಹಿಡಿದು ನಿಂತಿದ್ದಾರೆ.

“ಇದೇನ್ರಿ ಅನ್ಯಾಯ!” ಅಂದರು ಮೇಡಂ. “ನನ್ನ ಅಂಕಿ ಎಲ್ಲಾ ಹಾಳಾತಲ್ರಿ!”

ಯಜಮಾನರಿಗೆ ಎಳ್ಳಷ್ಟೂ ಅಳುಕಿಲ್ಲ. “ನಂದು ಬರೇ ಅರ್ಧ ತಂಬಿಗಿ ರೀ, ಅಕ್ಕಾರ. ಅವರು ಕೊಡಪಾನಲೇ ಸುರವ್ಯಾಕತ್ತಾರ, ಮೊದಲ ಅವರ್ನ ಕೇಳ್ರಿ!”

ಕೇಳಿದೆವು. ಖರೇನೇ ಇತ್ತು.

ಎಣ್ಣೆಗಾಯಿಗೆ ಬಿದ್ದ ಮತ

ಬೆಳೆ ಹೊಲದಲ್ಲಿರುವಾಗಲೇ ರೊಟ್ಟಿಯ ರುಚಿ ಪರೀಕ್ಷೆ ಆಗಬೇಕು ಅಂದರು ಮೇಡಂ. ಅಜ್ಜಿಯ ಕಡೆ ಹಿಂದಿನ ವರ್ಷದ ಕಾಳು ಸ್ವಲ್ಪ ಇತ್ತು, ತರಿಸಿದೆವು. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ನನಗೆ ಪರಿಚಯದ ಒಂದು ಖಾನಾವಳಿ. ಅಲ್ಲಿಯ ಅಕ್ಕನ ಕೈಯಲ್ಲಿ ಬಾಗುತೆನಿ ರೊಟ್ಟಿ ಒಂದು ಬುಟ್ಟಿ, ಪೇಟೆ ಜೋಳದ ರೊಟ್ಟಿ ಒಂದು ಬುಟ್ಟಿ ಬಡಿಸಿದೆವು. ಯಾವುದು ಯಾವುದು ಅಂತ ಉಣ್ಣುವವರಿಗೆ ಗೊತ್ತಾಗಬಾರದು, ಬರೀ ಚೀಟಿ ಹಾಕಬೇಕು.

ಬಾಗುತೆನಿಗೆ ಎಲ್ಲ ಚೀಟಿ! ಮೇಡಂ ಕಣ್ಣಲ್ಲಿ ನೀರೇ ಬಂತು. ಆದರೆ ಪುರಾವೆಯ ಹೆಂಗಸು ನೋಡಿ, ಕಣ್ಣೊರೆಸಿಕೊಂಡ ಮೇಲೆ ಸುತ್ತ ದೃಷ್ಟಿ ಹಾಯಿಸಿದರು. ಬಾಗುತೆನಿ ರೊಟ್ಟಿಯ ಜತೆ ಬಡಿಸಿದ್ದು ಬದನೆಕಾಯಿ ಎಣ್ಣೆಗಾಯಿ. ಪೇಟೆ ಜೋಳದ ರೊಟ್ಟಿಯ ಜತೆ ನೀರಿನಂಥ ಬೇಳೆ. ಎಣ್ಣೆಗಾಯಿ ಬಾಗುತೆನಿಯ ಪಾಲಿಗೇ ಹೇಗೆ ಹೋಯಿತೋ ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಹೇಳುವವನಲ್ಲ.

“ಪಲ್ಯ ತಗೀರಿ. ಬರೇ ರೊಟ್ಟಿ ಮ್ಯಾಲೆ ಪರೀಕ್ಷಾ ಆಗ್ಲಿ,” ಅಂದರು ಮೇಡಂ.

ಮರುದಿನ ಒಣ ರೊಟ್ಟಿ ಮುಂದಿಟ್ಟೆವು. ದಿನಾ ಉಣ್ಣುವ ಒಬ್ಬ ಹಿರಿಯರು ರೊಟ್ಟಿಯನ್ನೂ ಮೇಡಂ ಅವರನ್ನೂ ನೋಡಿ ಕೈ ತೊಳೆದುಕೊಂಡರು. “ತಂಗೀ, ಬರೇ ರೊಟ್ಟಿ ಕಡ್ಯಾಕ ನಾವೇನು ಜೇಲಿನ್ಯಾಗ ಅದೀವೇನವಾ?”

ಸೀತನಿ

ಈಗ ಕರಾರು ಹಾಕಿದ ಮೇಲಿನವರು ಕಳಿಸಿದ ಸಮಿತಿಯ ಕತೆ. ಕಾಳು ಬಲಿತ ಮೇಲೆ, ಕೊಯ್ಲಿನ ಹೊತ್ತಿಗೆ ಬರುತ್ತೇವೆ ಅಂದವರು ಜೋಳ ಇನ್ನೂ ಹಾಲ್ಗಾಳು ಇರುವಾಗಲೇ ಬಂದುಬಿಟ್ಟರು. ಅಂದರೆ ಸರಿಯಾಗಿ ಸೀತನಿಯ ಹೊತ್ತಿಗೆ. ಹಸಿ ತೆನೆಯನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿ ಬಿಸಿ ಕಾಳನ್ನು ಶೇಂಗಾ ಚಟ್ನಿ, ಬೆಲ್ಲ, ಕೆನೆ ಮೊಸರಿನ ಜತೆ ಮುಕ್ಕುವುದೇ ಸೀತನಿ. ಆ ದಿನಗಳಲ್ಲಿ ಹೊಲಕ್ಕೆ ಬಂದವರನ್ನು ಸೀತನಿ ತಿನ್ನಿಸದೆ ಕಳಿಸಿದರೆ ಹೊಲದವನಿಗೆ ಊರಲ್ಲಿ ಮುಖವಿಲ್ಲ.

ರುಮಾಲಿನ ಯಜಮಾನರ ಹೊಲದ ನಟ್ಟನಡುವಿನ ಸಾಲುಗಳಿಗೆ ಮೇಡಂ ಕೆಂಪು ಚೀಟಿ ಕಟ್ಟಿದ್ದರು. ಅವು ಇಳುವರಿ ಅಳೆಯಲು, ಮುಟ್ಟಕೂಡದು. ಸುತ್ತಲಿನ ಅಂಚಿನ ಸಾಲುಗಳು ಸೀತನಿಗೆ. ಆದರೆ ಅಂಚಿನ ಸಾಲು ಹಿಂದಿನ ಭಾನುವಾರವೇ ಖಾಲಿಯಾಗಿತ್ತು. ನಮ್ಮ ಹುಬ್ಬಳ್ಳಿ ಬಸ್ಸಿನ ಗೆಳೆಯರು ಯಾರದೋ ಕರೆಗೆ ಬಂದು ತಿಂದುಹೋಗಿದ್ದರಂತೆ. ಯಾರು ಕರೆದರೋ ಪಾಪ.

ಸಮಿತಿಯ ಮುಖ್ಯಸ್ಥರು ಕಡ್ಡಿಯಂಥ ಮನುಷ್ಯ, ಉತ್ತರದವರು. “ನನಗೆ ಹೊಟ್ಟೆ ಸರಿಯಿಲ್ಲ, ಬರೀ ರುಚಿ ನೋಡುತ್ತೇನೆ” ಅಂತ ಇಂಗ್ಲಿಷಿನಲ್ಲಿ ಅಂದರು. ಮೇಡಂ ಉಳಿದಿಬ್ಬರಿಗೆ ಮಳೆಯ ಲೆಕ್ಕ ವಿವರಿಸುತ್ತ ಹಳ್ಳದ ಬಾಂದಾರದ ಕಡೆ ಹೋಗಿದ್ದರಿಂದ, ಮುಖ್ಯಸ್ಥರಿಗೂ ಯಜಮಾನರಿಗೂ ನಡುವೆ ತರ್ಜುಮೆ ನನ್ನ ಪಾಲಿಗೆ ಬಂತು.

ಮುಖ್ಯಸ್ಥರು ಒಂದು ಹಿಡಿ ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿದರು. ಇನ್ನೊಂದು ಹಿಡಿ. ಆಮೇಲೆ ಕೋಟು ಬಿಚ್ಚಿ ಚಕ್ಕಳಮಕ್ಕಳ ಹಾಕಿ ಕೂತರು. ತೆನೆ ಸುಡುತ್ತಲೇ ಇತ್ತು, ಬಾಯಿ ಆಡುತ್ತಲೇ ಇತ್ತು. ಯಜಮಾನರು ಕುಡುಗೋಲು ಹಿಡಿದು ಹೋಗುತ್ತಾರೆ, ಮಡಿಲು ತುಂಬ ತರುತ್ತಾರೆ. ಎಲ್ಲಿಂದ ತರುತ್ತಿದ್ದಾರೆ ಅಂತ ನನಗೂ ಹೊಳೆಯಲಿಲ್ಲ, ಬಾಂದಾರದಿಂದ ಮೇಡಂ ಕೂಗು ಕೇಳುವ ತನಕ.

ಹೊಲದ ನಡುವೆ ಕೆಂಪು ಚೀಟಿಗಳು ತೆನೆಯಿಲ್ಲದ ದಂಟಿಗೆ ತೂಗಾಡುತ್ತಿದ್ದವು.

“ಯಜಮಾನ್ರ! ಚೀಟಿ ಕಟ್ಟಿದ್ದು ಕಾಣಲಿಲ್ಲೇನ್ರಿ?”

“ಕಂಡ್ವು ರೀ. ಛಲೋ ತೆನಿ ಅಂತ ಗುರ್ತಾ ಮಾಡಿರಬೇಕು ಅನ್ಕೊಂಡೆ.”

ಇದೇ ಹೊತ್ತಿಗೆ ಮುಖ್ಯಸ್ಥರು ಗಡ್ಡಕ್ಕೆ ಮೆತ್ತಿದ ಮೊಸರು ಒರೆಸಿಕೊಂಡು, “ಸರಿ, ಇಳುವರಿಯ ಅಂಕಿ ತೋರಿಸಿ” ಅಂದರು. “ಏನಂತಾರ?” ಅಂತ ಯಜಮಾನರು ಕೇಳಿದರು. ಹೇಳಿದೆ.

“ಇಳುವರಿ ಅವರ ಹೊಟ್ಟ್ಯಾಗ ಐತಿ ಅಂತ ಹೇಳ್ರಿ.”

ಅದನ್ನು ನಾನು ತಿದ್ದಲಿಲ್ಲ. ಮುಖ್ಯಸ್ಥರು ಹೊಟ್ಟೆ ಸವರಿಕೊಂಡು ನಕ್ಕರು, ಆದರೆ ಕರಾರು ಮರೆಯಲಿಲ್ಲ. “ರುಚಿ ಬೇರೆ, ಪುರಾವೆ ಬೇರೆ. ನೀವು ಬಿಟ್ಟಿ ಕೊಡದಿದ್ದರೆ ಈ ರೈತ ಇದನ್ನು ಬಿತ್ತುತ್ತಾನೆಯೇ? ಅದಷ್ಟೇ ಪ್ರಶ್ನೆ” ಅಂತ ಹೇಳಿ ಕಾರಿನ ಕಡೆ ನಡೆದರು. ಮೇಡಂ ಮುಖ ಹಿಂಡಿದ ಬಟ್ಟೆಯಾಗಿತ್ತು.

ಯಜಮಾನರು ಕಾರಿನವರೆಗೂ ಬಂದರು. ನನ್ನ ಕಿವಿಯಲ್ಲಿ, “ಮುಂದಿನ ವರ್ಷ ಕೊಯ್ಲು ಮುಗಿದ ಮ್ಯಾಲೆ ಬರ್ರಿ ಅಂತ ಹೇಳ್ರಿ ಅವರಿಗೆ, ಬೀಜಕ್ಕರ ಉಳೀಲಿ” ಅಂದರು.

ನಾನು ಮುಖ್ಯಸ್ಥರಿಗೆ ಹೇಳಿದೆ: “ಮುಂದಿನ ವರ್ಷವೂ ಸೀತನಿಗೆ ತಪ್ಪದೆ ಬರಬೇಕಂತೆ.”

ಅವರು ಹಿಗ್ಗಿ ಕೈ ಮುಗಿದರು. “ಹೆಂಡತಿ ಮಕ್ಕಳನ್ನೂ ಕರೆತರುತ್ತೇನೆ!”

“ಏನಂತಾರ?” ಅಂದರು ಯಜಮಾನರು.

“ಇನ್ನ ಈ ಹೊಲಕ್ಕ ಕಾಲಿಡೂದಿಲ್ಲಂತ ರೀ.”

ಯಜಮಾನರ ಬಣ್ಣವೇ ಇಳಿದುಹೋಯಿತು. ಹೊಲಕ್ಕೆ ಬಂದು ಉಂಡವರು ಮತ್ತೆ ಬರುವುದಿಲ್ಲ ಅನ್ನುವುದೇ? ಕಾರಿನ ಬಾಗಿಲು ಗಟ್ಟಿಯಾಗಿ ಹಿಡಿದುಕೊಂಡರು. “ಅಯ್ಯಯ್ಯ, ಹಂಗಂದ್ರ ಹ್ಯಾಂಗರಿ ಸಾಹೇಬ್ರ! ಏನ್ ತಪ್ಪಾತು? ಬರಬೇಕು, ಮನಿಮಂದಿ ಎಲ್ಲಾ ಕೂಡಿ ಬರಬೇಕು! ಬೀಜದ ಚಿಂತಿ ಬಿಡ್ರಿ, ಉಳಿದ ಸಾಲಿನ ತೆನಿ ಅದಾವು. ನಿಮಗಂತನ ಎರಡೆಕರೆ ಇದ ಜೋಳಾ ಬಿತ್ತತೇನಿ! ಯಾರ್ದೂ ಬೀಜ ಬ್ಯಾಡ, ಯಾರ್ದೂ ಗೊಬ್ಬರ ಬ್ಯಾಡ, ನನ್ನ ಹೊಲಾ, ನನ್ನ ಖರ್ಚು!”

ನನ್ನ ಹಿಂದು ಮುಂದಾದ ಎರಡೂ ತರ್ಜುಮೆಗಳನ್ನು ಕೇಳಿಸಿಕೊಂಡು ನಿಂತಿದ್ದ ಮೇಡಂ ನನ್ನ ತೋಳು ಹಿಡಿದರು. “ಇದೊಂದನ್ನರ ಇದ್ದದ್ದು ಇದ್ದಂಗ ಹೇಳ್ರಿ. ನಿಮಗ ಕೈ ಮುಗೀತೇನಿ.”

ಹೇಳಿದೆ. ಎರಡೆಕರೆ ಅಂದದ್ದನ್ನು ಮಾತ್ರ ನಾಲ್ಕು ಅಂದೆ.

ಮುಂದಿನ ಹಿಂಗಾರಿಗೆ ಯಜಮಾನರು ಬಿತ್ತಿದ್ದು ಐದು.