ಡುಕ್ಕರ್ ಗಾಡಿಯ ಮೊದಲ ಕಾಯಿ

ಹೊಳಬಸಪ್ಪನ ಹೊಟ್ಟೆಯಲ್ಲಿ ಎರಡು ವರ್ಷದಿಂದ ಉರಿಯುತ್ತಿದ್ದ ಕಿಚ್ಚಿಗೆ ಕಾರಣ ಒಂದು ತೆಂಗಿನಕಾಯಿ.

ಪುಣೆಯ ಬಿಬವೇವಾಡಿಯಲ್ಲಿ ಅವನಿದ್ದ, ಕನ್ನಡದವರೇ ಹೆಚ್ಚಿದ್ದ ಹೌಸಿಂಗ್ ಸೊಸೈಟಿಯಲ್ಲಿ ಪ್ರತಿ ದಸರೆಗೂ ಎಲ್ಲರ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ ಒಟ್ಟಿಗೇ ಪೂಜೆ ಮಾಡುತ್ತಿದ್ದರು. ಸಾಲಿನ ಮೊದಲ ಗಾಡಿಗೆ ಗುರೂಜಿ ಮಂತ್ರ ಹೇಳಿ ಮೊದಲ ಕಾಯಿ ಒಡೆಯುವರು. ಆಮೇಲೆ ಉಳಿದ ಕಾರು, ಸ್ಕೂಟರು, ಲೂನಾಗಳಿಗೆ ಗಡಿಬಿಡಿಯಲ್ಲಿ ಒಂದೊಂದು ನಿಂಬೆಹಣ್ಣು. ಆ ಮೊದಲ ಕಾಯಿ ಎಂಟು ವರ್ಷದಿಂದ ಎರಡನೇ ಮಹಡಿಯ ಮಲಕಪ್ಪನ ಗಾಡಿಗೇ ಮೀಸಲು. ಹೊಳಬಸಪ್ಪನ ಹತ್ತಿರ ಬರೀ ಸ್ಕೂಟರ್ ಇದ್ದಾಗ ಇದರಲ್ಲಿ ಅವನಿಗೆ ಏನೂ ತಪ್ಪು ಕಂಡಿರಲಿಲ್ಲ. ಮಾರ್ಕೆಟ್ ಯಾರ್ಡಿನಲ್ಲಿ ಮಹಾಲಿಂಗಪುರದ ಬೆಲ್ಲದ ವ್ಯಾಪಾರ ಕುದುರಿ, 1994ರಲ್ಲಿ ಹೊಚ್ಚಹೊಸ ಕೆಂಪು ಮಾರುತಿ ಕೊಂಡ ಮೇಲೆ ಕಂಡಿತು.

ಆ ವರ್ಷ ಅವನು ಬೆಳಿಗ್ಗೆ ಆರಕ್ಕೇ ಎದ್ದು ಮಾರುತಿಯನ್ನು ಸಾಲಿನ ತುದಿಗೆ ತಂದು ನಿಲ್ಲಿಸಿದ್ದ. ಸೊಸೈಟಿಯ ಚೇರ್ಮನ್ ಅಪ್ಪಾಸಾಹೇಬರು ಬಂದವರೇ, "ಹೊಳಬಸಪ್ಪಾ, ಸ್ವಲ್ಪ ಹಿಂದ ತಗೋರಿ. ಮೊದಲ ಮಲಕಪ್ಪನವರ ಗಾಡಿ" ಎಂದರು. ಮರುವರ್ಷವೂ ಅದೇ ಮಾತು, ಅದೇ ಜಾಗ.

ಹಾಗೆಂದು ಮಲಕಪ್ಪನದೇನು ಹೊಸ ಗಾಡಿಯೇ? 1956ರ ಫಿಯಾಟ್. ಮೂತಿ ಮುಂದಕ್ಕೆ, ಹಿಂಭಾಗ ಗುಂಡಗೆ ಇರುವುದರಿಂದ ಆ ಕಡೆಯ ಜನ ಅದನ್ನು ಮುದ್ದಿನಿಂದ ಡುಕ್ಕರ್ ಫಿಯಾಟ್ ಎನ್ನುತ್ತಾರೆ. ಡುಕ್ಕರ್ ಎಂದರೆ ಹಂದಿ. ಹೆಸರು ಹಂದಿಯದಾದರೂ ರೂಪ ಮಾತ್ರ ನೋಡಿದವರನ್ನು ನಿಲ್ಲಿಸುವಂಥದ್ದು. ಮೇಲೆ ಕೆನೆಬಣ್ಣ, ಕೆಳಗೆ ಪಿಸ್ತಾ ಹಸಿರು. ಎಲ್ಲಿಯೂ ಒಂದು ಚೂಪು ಮೂಲೆಯಿಲ್ಲ. ಮೂತಿಯ ಮೇಲೆ ಇಟ್ಟ ಕಣ್ಣು ತಾನಾಗಿ ಜಾರಿ ಬೆನ್ನು ದಾಟಿ ಹೋಗಿಬಿಡುತ್ತದೆ. ಮುಂದಿನ ಬಾಗಿಲುಗಳು ಊರ ಕಾರುಗಳಿಗೆಲ್ಲ ವಿರುದ್ಧ ದಿಕ್ಕಿಗೆ ತೆರೆಯುತ್ತವೆ. ನಲವತ್ತು ವರ್ಷವಾದರೂ ನಿನ್ನೆ ಯಾರೋ ಕೂತು ಬರೆದ ಚಿತ್ರದಂತಿತ್ತು. ಅದರ ಪಕ್ಕಕ್ಕೆ ನಿಂತರೆ ಎರಡು ವರ್ಷದ ಮಾರುತಿ ಚಕ್ರ ಹಚ್ಚಿದ ಬಿಸ್ಕೀಟಿನ ಡಬ್ಬಿ. ಇದನ್ನು ಹೊಳಬಸಪ್ಪ ಯಾರೆದುರೂ ಒಪ್ಪಿಕೊಂಡವನಲ್ಲ. ಆದರೆ ರಸ್ತೆಯಲ್ಲಿ ಹೋಗುವವರು ತನ್ನ ಗಾಡಿಯನ್ನು ದಾಟಿ ಹೋಗಿ ಅದನ್ನು ಸವರುವುದನ್ನು ಬಾಲ್ಕನಿಯಲ್ಲಿ ನಿಂತು ನೋಡಿದಾಗಲೆಲ್ಲ ಅವನಿಗೆ ಅನ್ನ ರುಚಿಸುತ್ತಿರಲಿಲ್ಲ.

1996ರ ದಸರೆ ಬಂತು. ಕಾಯಿ ಗಾಡಿಗೆ ಒಡೆಯುತ್ತಾರೆ, ಆದ್ದರಿಂದ ಆ ಗಾಡಿಯೇ ತನ್ನದಾದರೆ ಕಾಯಿಯೂ ತನ್ನದು. ಲೆಕ್ಕ ಇಷ್ಟು ಸುಲಭವಿದ್ದೂ ಎರಡು ವರ್ಷ ಯಾಕೆ ಹೊಳೆಯಲಿಲ್ಲ ಎಂದು ತನ್ನನ್ನೇ ಬೈದುಕೊಂಡು, ಹಬ್ಬದ ಹಿಂದಿನ ಸಂಜೆ ಅವನು ಮಲಕಪ್ಪನ ಮನೆಗೆ ಹೋದ. ಮಲಕಪ್ಪ ಇಂಡಿ ತಾಲೂಕಿನ ಕಡೆಯವನು, ತಳೇಗಾಂವದ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತನಾದವನು. ಚಹಾ ಕುಡಿಯುತ್ತ ಕೂತಿದ್ದ.

"ಮಲಕಪ್ಪಣ್ಣಾರ, ಗಾಡಿಗೆ ಗಾಡಿ. ನನ್ನ ಮಾರುತಿ ನಿಮಗ, ನಿಮ್ಮ ಡುಕ್ಕರ್ ನನಗ. ಮ್ಯಾಲ ನೀವು ಏನೂ ಕೊಡೂದು ಬ್ಯಾಡ."

ಮಲಕಪ್ಪ ಚಹಾದ ಕಪ್ಪುಬಸಿ ಕೆಳಗಿಟ್ಟು ಮುಂದಕ್ಕೆ ಬಾಗಿದ. "ಖರೇ ಹೇಳಾಕತ್ತೀರೇನ್ರಿ?"

"ಖರೇನರೀ. ನಾಳೆ ಮುಂಜಾನೆನ ಕೀಲಿ ಅದಲಾಬದಲಿ. ಕಾಗದಪತ್ರ ಹಬ್ಬ ಮುಗಿದಿಂದ ಮಾಡ್ಸೂಣು."

"ಆಮ್ಯಾಲ ಮಾತು ತಿರಗಸಂಗಿಲ್ಲ ನೋಡ್ರಿ ಮತ್ತ!"

ಹೇಳುವಾಗ ಮಲಕಪ್ಪನ ಧ್ವನಿ ನಡುಗಿತು. ಪಾಪ, ಮುದುಕನಿಗೆ ಗಾಡಿ ಬಿಡುವ ಸಂಕಟ ಎಂದುಕೊಂಡು ಹೊಳಬಸಪ್ಪ ಒಳಗೊಳಗೇ ಹಿಗ್ಗಿದ. ಮರುದಿನ ಬೆಳಿಗ್ಗೆ ಕೀಲಿ ಕೊಡುವಾಗ ಮಲಕಪ್ಪ ನಾಲ್ಕು ಮಾತು ಹೇಳಿದ: ಹಿಂದಿನ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ, ಇಳಿದು ಹೊರಗಿನಿಂದಲೇ ತೆಗೆಯಬೇಕು, ಏರು ಬಂದರೆ ಇಂಜಿನ್ ಕಾದು ನಿಲ್ಲುತ್ತದೆ, ಆರಲು ಹತ್ತು ನಿಮಿಷ ಬಿಡಬೇಕು. ಹೊಳಬಸಪ್ಪ ಹೂಂಗುಟ್ಟಿದ. ಅವನ ಕಣ್ಣು ಫಳಫಳ ಹೊಳೆಯುವ ಬಂಪರಿನಲ್ಲಿ ತನ್ನ ಮುಖ ನೋಡಿಕೊಳ್ಳುತ್ತಿತ್ತು.

ಹೆಂಡತಿ ಚನ್ನಬಸವ್ವನಿಗೆ ವಿಷಯ ತಿಳಿದದ್ದು ಹೊಸ ಇಳಕಲ್ ಸೀರೆ ಉಟ್ಟು ಕೆಳಗಿಳಿದು ಬಂದಾಗ.

"ಒಂದು ಕಾಯಿ ಸಲುವಾಗಿ ಕಾರು ಕೊಟ್ರೇನು? ಕೇಳಿದ್ರ ಮಾರ್ಕೆಟ್ನ್ಯಾಗ ಚೀಲಗಟ್ಲೆ ಕಾಯಿ ತಂದು ಕೊಡ್ತಿದ್ದೆನಲ್ರೀ!"

"ನಿನಗ ತಿಳೀದಿಲ್ಲ, ಸುಮ್ನ ಹತ್ತು. ಅಂಗಡಿ ಪೂಜಿ ಮುಗಿಸಿ, ಚೆಂಡುಹೂ ತಗೊಂಡು, ಹನ್ನೊಂದರೊಳಗ ಬರಬೇಕು."

ಮುಂದಿನ ಸೀಟಿನ ಸ್ಪ್ರಿಂಗು ಚುಚ್ಚುತ್ತದೆಂದು ಅವಳು ಹಿಂದೆ ಹೋಗಿ ಕೂತಳು. ಹೊಳಬಸಪ್ಪ ಹಬ್ಬಕ್ಕೆಂದೇ ಹೊಲಿಸಿದ ಬಿಳಿ ಸಫಾರಿ, ಬಿಳಿ ಟೋಪಿ ಹಾಕಿಕೊಂಡು ಸ್ಟೇರಿಂಗ್ ಹಿಡಿದ. ಅಂಗಡಿ ಪೂಜೆಯೇನೋ ಬೇಗ ಮುಗಿಯಿತು. ತೊಂದರೆ ಶುರುವಾದದ್ದು ಹೂವಿನ ಸಾಲಿನಲ್ಲಿ.

ಗಾಡಿ ನಿಂತದ್ದೇ ಹೂ ಮಾರುವ ಮಾವಶಿ ಬುಟ್ಟಿ ಬಿಟ್ಟು ಓಡಿ ಬಂದಳು. "ಮಲಕಪ್ಪಾ ಕಾಕಾ ಆಲೇ ಕಾ?" ಎನ್ನುತ್ತ, ಕಾಕಾ ಬಂದರೇ ಎಂದು ಒಳಗೆ ಇಣುಕಿದಳು. ಕಾಕಾ ಇರಲಿಲ್ಲ. ಹೊಳಬಸಪ್ಪ ಇಳಿದು, ಗಾಡಿಯನ್ನು ಸುತ್ತಿಹೋಗಿ, ಹಿಂದಿನ ಬಾಗಿಲು ತೆರೆದು ಹೆಂಡತಿಯನ್ನು ಇಳಿಸುವಾಗ ಮಾವಶಿ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ ಮೊಳದುದ್ದದ ಒಂದು ಹಾರ ತೆಗೆದು ಅವನ ಕೈಗಿಟ್ಟು, ಇದು ಕಾಕಾನ ಗಾಡಿಗೆ, ದುಡ್ಡು ಬೇಡ ಎಂದಳು. "ನವೀನ್ ಡ್ರೈವರ್ ವಾಟತಂ!" ಎಂದು ಪಕ್ಕದವಳಿಗೆ ಹೇಳಿದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಹೊಸ ಡ್ರೈವರ್!

"ಡ್ರೈವರ್ ಅಂತ. ಕಣ್ಣು ಕಾಣೂದಿಲ್ಲ ಆಕಿಗೆ" ಎಂದು ಗೊಣಗಿದ.

"ಬಾಗಿಲಾ ತಗೀರಿ, ಹೊತ್ತಾತು" ಎಂದಳು ಚನ್ನಬಸವ್ವ.

ಪೆಟ್ರೋಲ್ ಪಂಪಿನಲ್ಲಿ ಸಾಲಿತ್ತು. ಮುಂದಿನ ಗಾಡಿಯಿಂದ ಬೆಳ್ಳಿ ಮೀಸೆಯ ನಿವೃತ್ತ ಮಿಲಿಟರಿ ಅಧಿಕಾರಿಯೊಬ್ಬ ಕೋಲೂರಿಕೊಂಡು ಇಳಿದು ಬಂದ. ಮೂತಿ ಸವರಿದ, ಬೆನ್ನು ಸವರಿದ, ಒಂದು ಸುತ್ತು ಬಂದ. ಹೊಳಬಸಪ್ಪ ಎದೆಯುಬ್ಬಿಸಿ ಕೂತ. ಎರಡು ವರ್ಷ ಬಾಲ್ಕನಿಯಿಂದ ನೋಡಿ ಬೆಂದುಹೋದದ್ದು ಈಗ ತನ್ನ ಪಾಲಿಗೆ ಬಂತು ಎನ್ನುವಷ್ಟರಲ್ಲಿ, ಮುದುಕ ಹಿಂದಿನ ಕಿಟಕಿಗೆ ಹೋಗಿ ಚನ್ನಬಸವ್ವನಿಗೆ ಸಲಾಮು ಹೊಡೆದ.

"ಬಹುತ್ ಖೂಬ್‌ಸೂರತ್ ಗಾಡಿ ಹೈ, ಮೇಡಂ. ಇಸೇ ಬೇಚನಾ ಮತ್."

"ನಹೀ ಬೇಚೂಂಗಿ" ಎಂದಳು ಚನ್ನಬಸವ್ವ, ಮಾರುವ ಮಾತೇ ಇಲ್ಲವೆಂಬಂತೆ ಸೆರಗು ಸರಿಮಾಡಿಕೊಂಡು.

ಮುದುಕ ತಿರುಗಿ ಬಂದು ಹೊಳಬಸಪ್ಪನ ಭುಜ ತಟ್ಟಿದ. ಗಾಡಿ ಚೆನ್ನಾಗಿ ಇಟ್ಟಿದ್ದೀ, ಶಹಭಾಸ್ ಎಂದು ಹತ್ತು ರೂಪಾಯಿಯ ನೋಟನ್ನು ಅವನ ಸಫಾರಿಯ ಕಿಸೆಗೆ ತುರುಕಿ, ದಸರೆಯ ಬಕ್ಷೀಸು ಎಂದು ಹೇಳಿ ಹೊರಟುಹೋದ. ಹೊಳಬಸಪ್ಪ ನೋಟನ್ನು ಹೊರಗೆಳೆದು ಎಸೆಯಹೋದ. ಹಿಂದಿನಿಂದ ಚನ್ನಬಸವ್ವನ ಮಾತು ಬಂತು.

"ಇಟಗೋರಿ. ಹಬ್ಬದ ದಿನ ಯಾರರೆ ಕೊಟ್ರ ಬ್ಯಾಡ ಅನಬಾರದು."

ಹೊಟ್ಟೆಯ ಉರಿಯೆಲ್ಲ ಕಾಲಿಗಿಳಿದು ಅವನು ಎಕ್ಸಲರೇಟರ್ ಒತ್ತಿದ. ಬಿಬವೇವಾಡಿಯ ಏರು ಅರ್ಧ ಹತ್ತುವುದರೊಳಗೆ ಡುಕ್ಕರ್ ಒಮ್ಮೆ ಸೀನಿ, ಒಮ್ಮೆ ಕೆಮ್ಮಿ, ಚೌಕದ ನಟ್ಟನಡುವೆ ನಿಂತುಬಿಟ್ಟಿತು. ಗಂಟೆ ಹತ್ತೂವರೆ. ಹಿಂದೆ ಹಬ್ಬದ ಹಾರ ಹಾಕಿಕೊಂಡ ಎಲ್ಲ ವಾಹನಗಳೂ ಒಂದೇ ಸಮನೆ ಹಾರ್ನ್ ಹೊಡೆಯತೊಡಗಿದವು. ಟ್ರಾಫಿಕ್ ಹವಾಲ್ದಾರ ಬಂದವನು ಗಾಡಿ ನೋಡಿ ಮೊದಲು ನಕ್ಕ, ಹೊಳಬಸಪ್ಪನನ್ನು ನೋಡಿ ನಗು ನಿಲ್ಲಿಸಿದ. ಇದು ಮಲಕಪ್ಪನ ಗಾಡಿ, ದಿನಾ ನೋಡುತ್ತೇನೆ, ನೀನು ಯಾರು ಎಂದು ಮರಾಠಿಯಲ್ಲಿ ಗದರಿಸಿದ.

ಗಾಡಿ ತನ್ನದೆಂದ ಹೊಳಬಸಪ್ಪ. ಕಾಗದ ತೋರಿಸು ಎಂದ ಹವಾಲ್ದಾರ. ಕಾಗದದಲ್ಲಿ ಮಲಕಪ್ಪನ ಹೆಸರಿತ್ತು. ಹೊಳಬಸಪ್ಪ ಬೆವರು ಒರೆಸಿಕೊಂಡು ಇದ್ದದ್ದನ್ನು ಇದ್ದಂತೆಯೇ ಹೇಳಿದ: ಎರಡು ವರ್ಷದ ಮಾರುತಿಯನ್ನು ಕೊಟ್ಟು ಇದನ್ನು ತೆಗೆದುಕೊಂಡೆ. ಹವಾಲ್ದಾರ ಇಪ್ಪತ್ತು ವರ್ಷದ ನೌಕರಿಯಲ್ಲಿ ಕಳ್ಳರ ಬಾಯಿಂದ ಬಹಳ ಕತೆ ಕೇಳಿದ್ದ. ಇಷ್ಟು ಬುದ್ಧಿಗೇಡಿ ಕತೆ ಕೇಳಿರಲಿಲ್ಲ. ನಡಿ ಪೊಲೀಸ್ ಚೌಕಿಗೆ ಎಂದು ಅವನ ತೋಳು ಹಿಡಿದ.

ಹನ್ನೊಂದಕ್ಕೆ ಪೂಜೆ. ಚೌಕಿಗೆ ಹೋದರೆ ಕಾಯಿ ಹೋಯಿತು. ಹೊಳಬಸಪ್ಪನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆಗ ಚನ್ನಬಸವ್ವ ಕಿಟಕಿಯಿಂದ ಕುತ್ತಿಗೆ ಹೊರಗೆ ಹಾಕಿ, "ಹವಾಲ್ದಾರ್ ಸಾಹೇಬ್, ಹೇ ತ್ಯಾಂಚೇ ಡ್ರೈವರ್ ಆಹೇತ್" ಎಂದು ಗಂಡನನ್ನು ಮಲಕಪ್ಪನ ಡ್ರೈವರ್ ಮಾಡಿಬಿಟ್ಟಳು.

ಹವಾಲ್ದಾರ ಬಿಳಿ ಸಫಾರಿ ನೋಡಿದ, ಬಿಳಿ ಟೋಪಿ ನೋಡಿದ. ಹಾಗಾದರೆ ನೀನೇ ಯಾಕೆ ಹೇಳುವುದಿಲ್ಲ ಎಂದ.

ಹೊಳಬಸಪ್ಪ ಹೆಂಡತಿಯ ಕಡೆ ನೋಡಿದ. ಅವಳು ಕೈಗಡಿಯಾರ ತೋರಿಸಿದಳು. "ಹೋಯ್" ಎಂದು ಒಪ್ಪಿಕೊಂಡ ಅವನು. "ಮೀ ಮಲಕಪ್ಪಾಂಚಾ ಡ್ರೈವರ್."

ಅಷ್ಟು ಸಾಕಾಯಿತು. ಮಲಕಪ್ಪನ ಗಾಡಿ ಎಂದ ಮೇಲೆ ಹವಾಲ್ದಾರ ತಾನೇ ಶಿಳ್ಳೆ ಊದಿ ನಾಲ್ಕು ಜನರನ್ನು ಕರೆದು ಏರು ಮುಗಿಯುವವರೆಗೆ ತಳ್ಳಿಸಿದ. ತಳ್ಳಿದವರೂ ಕಾಕಾನಿಗೆ ನಮಸ್ಕಾರ ಹೇಳಿ ಎಂದೇ ಹೇಳಿ ಕಳಿಸಿದರು. ಹೊಳಬಸಪ್ಪ ಹಲ್ಲು ಕಚ್ಚಿಕೊಂಡ. ಹೋಗಲಿ, ಊರು ಏನಾದರೂ ಅಂದುಕೊಳ್ಳಲಿ. ಸೊಸೈಟಿಯಲ್ಲಿ ಎಲ್ಲರೆದುರು ಆ ಕಾಯಿ ಒಡೆದರೆ ಇದೆಲ್ಲ ತೀರಿತು.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಗಾಡಿ ಗೇಟಿನೊಳಗೆ ಬಂತು. "ಮಲಕಪ್ಪ ಸಾವ್ಕಾರ್ರ ಗಾಡಿ ಬಂತ್ರೀ!" ಎಂದು ವಾಚ್‌ಮನ್ ಲಾಲಪ್ಪ ಕೂಗಿದ. ಹೊಳಬಸಪ್ಪ ಸಾಲಿನ ತುದಿಗೆ ನೋಡಿ ಗಕ್ಕನೆ ಬ್ರೇಕ್ ಹಾಕಿದ.

ಮೊದಲ ಜಾಗದಲ್ಲಿ ಅವನ ಮಾರುತಿ ನಿಂತಿತ್ತು. ಎರಡೂ ಕಡೆ ಬಾಳೆಕಂಬ. ಮೈತುಂಬ ಚೆಂಡುಹೂವು. ಮಲಕಪ್ಪ ಬೆಳಗಿನಿಂದ ಕೂತು ಉಜ್ಜಿದ್ದನೋ ಏನೋ, ಕೆಂಪು ಬಣ್ಣ ಕುಂಕುಮ ಹಚ್ಚಿದಂತೆ ಹೊಳೆಯುತ್ತಿತ್ತು. ಸೊಸೈಟಿಯ ಜನ ಅದರ ಸುತ್ತ ನೆರೆದು, ಎಂಥ ಗಾಡಿ, ಎಷ್ಟು ಚೊಕ್ಕ ಎಂದು ಸವರುತ್ತಿದ್ದರು. ತನ್ನ ಗಾಡಿ ಇಷ್ಟು ಚೆಂದವಿದೆಯೆಂದು ಹೊಳಬಸಪ್ಪನಿಗೆ ಎರಡು ವರ್ಷದಲ್ಲಿ ಒಮ್ಮೆಯೂ ಅನ್ನಿಸಿರಲಿಲ್ಲ. ಅವನು ಗಾಡಿಯಿಂದ ಹಾರಿ ಚೇರ್ಮನ್ನರ ಕಡೆಗೆ ಓಡಿದ.

"ಬಂದ್ರೇನು ಹೊಳಬಸಪ್ಪಾ? ಆ ಹಳೇ ಗಾಡಿ ಸೈಕಲ್ ಸಾಲಿಗೆ ಹಚ್ರಿ, ದಾರಿ ಬಿಡ್ರಿ" ಎಂದರು ಅಪ್ಪಾಸಾಹೇಬರು.

"ಚೇರ್ಮನ್ನರ, ಮೊದಲ ಕಾಯಿ ಡುಕ್ಕರ್ ಗಾಡಿಗಲ್ರೀ!"

"ಗಾಡಿಗೆ ಅಂತ ಯಾರ್ ಹೇಳ್ಯಾರ? ಸೊಸೈಟ್ಯಾಗ ಎಲ್ಲಾರಿಗಿಂತ ಹಿರೇರು ಮಲಕಪ್ಪನವರು. ಅವರು ಯಾವ ಗಾಡಿ ತಂದ್ರೂ ಮೊದಲ ಕಾಯಿ ಅದಕ್ಕ, ಎಂಟು ವರ್ಷದ ಹಿಂದನ ಠರಾವು ಆಗೇತಿ. ನೀವು ಒಂದು ಮೀಟಿಂಗಿಗರೆ ಬಂದಿದ್ರ ಗೊತ್ತಾಕ್ಕಿತ್ತು."

ಅಷ್ಟರಲ್ಲಿ ಗುರೂಜಿ ಕಾಯಿ ಎತ್ತಿ ಒಡೆದೇಬಿಟ್ಟರು. ಅದರ ನೀರಿನ ನಾಲ್ಕು ಹನಿ ಹೊಳಬಸಪ್ಪನ ಬಿಳಿ ಸಫಾರಿಯ ಮೇಲೂ ಬಿದ್ದವು. ಇಡೀ ಕಾಯಿಯಲ್ಲಿ ಅವನಿಗೆ ದಕ್ಕಿದ್ದು ಅಷ್ಟೇ.

ಮಲಕಪ್ಪ ಬನ್ನಿ ಎಲೆ ಹಿಡಿದು ಬಂದು ಅವನ ಎರಡೂ ಕೈ ಹಿಡಿದುಕೊಂಡ. ಕಣ್ಣು ತುಂಬಿತ್ತು.

"ಹೊಳಬಸಪ್ಪನವರ, ಇವತ್ತು ಹಬ್ಬದ ದಿನ, ಮುಚ್ಚಿಡಾಂಗಿಲ್ಲ. ಎರಡು ವರ್ಷದಿಂದ ನಿಮ್ಮ ಗಾಡಿ ನೋಡಿ ನನ್ನ ಹೊಟ್ಟಿ ಧಗಧಗ ಉರೀತಿತ್ರೀ. ಕೀಲಿ ತಿರುವಿದ್ರ ಚಾಲೂ, ಏರು ಬಂದ್ರೂ ಚಾಲೂ! ನಂದು ನೋಡಾಕ ಭಾಳ ಚೆಂದ ಅದ, ಖರೇ. ತಳ್ಳಾಂವ ನಾ ಅಲ್ರೀ? ನಿಮ್ಮ ಗಾಡಿ ಗೇಟ್ ದಾಟಿದ್ರ ಸಾಕು, ಕಿಟಕಿ ಹಾಕ್ಕೊಂಡು ಒಳಗ ಹೋಗ್ತಿದ್ದೆ. ಊಟ ಸೇರತಿರಲಿಲ್ಲ."

ಹೊಳಬಸಪ್ಪ ಆ ಕೈಗಳನ್ನು ತಾನೂ ಬಿಗಿಯಾಗಿ ಹಿಡಿದುಕೊಂಡ. ಈ ಪುಣೆ ಶಹರದಲ್ಲಿ ತನ್ನನ್ನು ನೋಡಿ ಹೊಟ್ಟೆ ಉರಿದುಕೊಳ್ಳುವವನು ಒಬ್ಬನಿದ್ದ, ಅದೂ ಮಲಕಪ್ಪನೇ! ಎರಡು ವರ್ಷ ತಲೆಯ ಮೇಲಿನ ಮಹಡಿಯಲ್ಲೇ ಇದ್ದ ಆ ಸುಖ ತನಗೆ ಗೊತ್ತೇ ಆಗಿರಲಿಲ್ಲ.

"ಈಗ... ಈಗೂ ಉರೀತದೇನ್ರಿ?" ಎಂದು ಆಸೆಯಿಂದ ಕೇಳಿದ.

"ಈಗೆಲ್ಲಿದ್ರೀ! ತಣ್ಣಗಾತು. ನಿಮ್ಮ ಉಪಕಾರ ಮರಿಯಂಗಿಲ್ಲ."

"ಹಂಗಾರ ಮಲಕಪ್ಪಣ್ಣಾರ, ಗಾಡಿ ತಿರುಗಿ ಬದ್ಲಿ..."

"ಅದೊಂದು ಬಿಟ್ಟು ಕೇಳ್ರಿ. ಮಾತು ತಿರಗಸಂಗಿಲ್ಲ ಅಂತ ನಿನ್ನೆನ ಹೇಳೀನಿ."

ಮಲಕಪ್ಪ ಹೋಗಿ ಮಾರುತಿಯಲ್ಲಿ ಕೂತು ಕೀಲಿ ತಿರುಗಿಸಿದ. ಅದು ಒಂದೇ ಸಲಕ್ಕೆ ಚಾಲೂ ಆಯಿತು. ಜನ ಚಪ್ಪಾಳೆ ಹೊಡೆದರು. ತನ್ನದೇ ಗಾಡಿಯನ್ನು ನೋಡುತ್ತ ನಿಂತ ಹೊಳಬಸಪ್ಪನ ಹೊಟ್ಟೆಯಲ್ಲಿ, ಹಳೆಯ ಜಾಗದಲ್ಲೇ, ಹೊಸ ಕಿಚ್ಚು ಹೊತ್ತಿಕೊಂಡಿತು.

ಆಗ ಹಿಂದಿನಿಂದ ಬಾಗಿಲು ಬಡಿಯುವ ಸದ್ದು ಕೇಳಿಸಿತು. ಡುಕ್ಕರ್ ಗಾಡಿಯ ಒಳಗೆ, ಮಾಲೆಗಟ್ಟಲೆ ಚೆಂಡುಹೂವಿನ ನಡುವೆ, ಚನ್ನಬಸವ್ವ ಬೆವರಿ ಕೆಂಪಾಗಿ ಕೂತಿದ್ದಳು. ಗಡಿಬಿಡಿಯಲ್ಲಿ ಅವಳನ್ನು ಇಳಿಸುವುದನ್ನೇ ಅವನು ಮರೆತಿದ್ದ.

"ಏ ಡ್ರೈವರಪ್ಪಾ, ಬಾಗಿಲಾ ತಗೀತೀಯೋ ಇಲ್ಲೋ?"

ಸೊಸೈಟಿಯ ಜನರೆಲ್ಲ ತಿರುಗಿ ನೋಡಿದರು. ಹೊಳಬಸಪ್ಪ ಬಿಳಿ ಟೋಪಿ ಸರಿಮಾಡಿಕೊಂಡು, ಗಾಡಿಯನ್ನು ಸುತ್ತಿಹೋಗಿ, ಬಾಗಿಲು ತೆರೆದು ಹಿಡಿದು ನಿಂತ.